ಉಸಿರಿನಿಂದ ಹರಡುವ ರೋಗವೂ ಮನೆಯ ಕಿಟಕಿಯೂ

ಅಕ್ಕಿಯಲ್ಲಿ ಕಲ್ಲಿದ್ದರೆ ನಾವು ಆರಿಸಿ ಬೇಯಿಸುತ್ತೇವೆ; ನೀರು ಕದಡಿದ್ದರೆ ಸೋಸಿ, ಕಾಯಿಸಿ ಕುಡಿಯುತ್ತೇವೆ. ಗಾಳಿಯ ವಿಷಯದಲ್ಲಿ ಮಾತ್ರ ನಮಗೆ ಅಂತಹ ಸ್ವಾತಂತ್ರ್ಯವಿಲ್ಲ. ಪಕ್ಕದಲ್ಲಿ ಕುಳಿತವನು ಈಗತಾನೆ ಬಿಟ್ಟ ಉಸಿರಿನ ಒಂದು ಪಾಲನ್ನು ಮರುಕ್ಷಣದಲ್ಲಿಯೇ ನಾವು ಒಳಗೆ ಸೇದಿಕೊಳ್ಳುತ್ತೇವೆ, ಬೇಡವೆನ್ನುವಂತಿಲ್ಲ. ದಿನವೊಂದಕ್ಕೆ ಸುಮಾರು 20 ಸಾವಿರ ಸಲ ನಡೆಯುವ ಈ ಕಾರ್ಯ ನಮ್ಮ ಗಮನಕ್ಕೇ ಬಾರದು. ಊಟದ ಎಂಜಲಿಗೆ ಅಷ್ಟೊಂದು ಹೇಸುವ ನಮ್ಮ ಜನರು ಉಸಿರಿನ ಎಂಜಲನ್ನು ಹಗಲಿರುಳೂ ಹಂಚಿಕೊಂಡು ಬಾಳುತ್ತಿರುವರೆಂಬುದು ವಿಚಿತ್ರವಾದರೂ ಸತ್ಯವಾದ ಮಾತು.

2019ನೆಯ ವರ್ಷದ ಅಂತ್ಯದಲ್ಲಿ ಚೀನಾ ದೇಶದ ವುಹಾನ್ ನಗರದಲ್ಲಿ ಕಾಣಿಸಿಕೊಂಡ ಕೋವಿಡ್ ರೋಗವು ಈ ಸತ್ಯವನ್ನು ನಮ್ಮ ಮನೆಯ ಬಾಗಿಲಿಗೇ ತಂದು ನಿಲ್ಲಿಸಿತು. 2020ನೆಯ ಜನವರಿ 30ರಂದು ಕೇರಳದಲ್ಲಿ ಭಾರತದ ಮೊದಲನೆಯ ರೋಗಿ ಪತ್ತೆಯಾಯಿತು. ಮಾರ್ಚಿ 10ರಂದು ನಮ್ಮ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಈ ದೇಶದಲ್ಲಿ ಆ ರೋಗಕ್ಕೆ ಬಲಿಯಾದವರಲ್ಲಿ ಅವರೇ ಮೊದಲಿಗರೆಂದು ಎರಡು ದಿನಗಳ ತರುವಾಯ ಗೊತ್ತಾಯಿತು. ಮಾರ್ಚಿ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. 2021ನೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಎದ್ದಾಗ, ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲದೆ, ಆಮ್ಲಜನಕವಿಲ್ಲದೆ ಜನರು ಪಟ್ಟ ಪಾಡನ್ನು ಕಂಡವರು ಅದನ್ನು ಮರೆಯಲಾರರು. 2023ನೆಯ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಸರ್ಕಾರದ ಲೆಕ್ಕದಂತೆಯೇ ಭಾರತದಲ್ಲಿ ಮಡಿದವರ ಸಂಖ್ಯೆ 5 ಲಕ್ಷ 30 ಸಾವಿರಕ್ಕೂ ಹೆಚ್ಚು.

ಇದು ಮೊದಲನೆಯ ಮಾರಿಯಲ್ಲ. 1918ರಲ್ಲಿ ಮುಂಬಯಿಯ ಬಂದರಿನ ಮೂಲಕ ಒಳಹೊಕ್ಕ ಇನ್‌ಫ್ಲುಯೆಂಜಾ ಜ್ವರವು ಈ ದೇಶದಲ್ಲಿ ಕೋಟಿಗೂ ಮಿಕ್ಕ ಜನರನ್ನು ಕೊಂಡೊಯ್ದಿತು. 1901ರಿಂದ ಈಚಿನ ಖಾನೇಷುಮಾರಿಗಳನ್ನು ತೆಗೆದುನೋಡಿದರೆ, ಭಾರತದ ಜನಸಂಖ್ಯೆ ಏರದೆ ಇಳಿದ ದಶಕ 1911ರಿಂದ 1921ರ ವರೆಗಿನದೊಂದೇ. ಆ ಜ್ವರದ ಬೀಜ ಯಾವುದೆಂಬುದು ಕೂಡ ಅಂದಿನ ವೈದ್ಯರಿಗೆ ತಿಳಿದಿರಲಿಲ್ಲ; ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಲಂಡನ್ನಿನ ವಿಜ್ಞಾನಿಗಳು ಬೇರ್ಪಡಿಸಿದುದು 1933ರಲ್ಲಿ. ಇಂತಹುದು ಇನ್ನು ಮುಂದೆ ಬಾರದೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ, ಮನಸ್ಸು ಶಾಂತವಾಗಿರುವ ಈ ಕಾಲದಲ್ಲಿಯೇ ಗೃಹಸ್ಥರು ತಿಳಿದಿರತಕ್ಕ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದು ಲೇಸೆಂದು ನಾವು ಭಾವಿಸಿದ್ದೇವೆ.

ರೋಗವು ಬರುವ ದಾರಿ

ವೈರಸ್ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಕೋವಿಡ್ ರೋಗದ ವೈರಸ್ಸಿನ ಗಾತ್ರವು ಮಿಲಿಮೀಟರಿನ ಹತ್ತುಸಾವಿರದಲ್ಲಿ ಒಂದು ಪಾಲಿನಷ್ಟು. ಅದಕ್ಕೆ ರೆಕ್ಕೆಯಿಲ್ಲ, ಕಾಲಿಲ್ಲ. ರೋಗಿಯ ಗಂಟಲಿನಿಂದ ಹೊರಡುವ ತೇವದ ಹನಿಗಳೇ ಅದಕ್ಕೆ ವಾಹನ. ಕೆಮ್ಮಿದಾಗ, ಸೀನಿದಾಗ ಮಾತ್ರವಲ್ಲದೆ ಮಾತನಾಡಿದಾಗ, ಹಾಡಿದಾಗ, ಸುಮ್ಮನೆ ಉಸಿರು ಬಿಟ್ಟಾಗ ಕೂಡ ಈ ಹನಿಗಳು ಹೊರಬೀಳುತ್ತವೆ. ಇವುಗಳಲ್ಲಿ ದಪ್ಪನೆಯವು ಒಂದೆರಡು ಮೀಟರುಗಳೊಳಗೆ ನೆಲಕ್ಕೆ ಬೀಳುವುವು. ಅತಿ ಸಣ್ಣವು ಬೀಳುವುದೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲಾಡಬಲ್ಲವು.

ನಮ್ಮ ಗೃಹಿಣಿಯರಿಗೆ ಇದನ್ನು ತಿಳಿಸಲು ಬೇರೆ ಪ್ರಯೋಗಶಾಲೆ ಬೇಕಿಲ್ಲ. ಅಡಿಗೆಮನೆಯ ಕಿಟಕಿ ಮುಚ್ಚಿಕೊಂಡು ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಏನಾಗುವುದು? ಬಾಣಲೆಯ ಎಣ್ಣೆ ಸಿಡಿದು ಒಲೆಯ ಪಕ್ಕದಲ್ಲಿ ಬೀಳುತ್ತದೆ. ಅದರ ಘಾಟು ಮಾತ್ರ ನಡುಮನೆಯನ್ನು ದಾಟಿ, ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿರುವ ಯಜಮಾನನನ್ನೂ ಕೆಮ್ಮಿಸುತ್ತದೆ. ಸಿಡಿಯುವ ಎಣ್ಣೆಯಂತೆ ದಪ್ಪ ಹನಿ, ಹರಡುವ ಘಾಟಿನಂತೆ ಸಣ್ಣ ಹನಿ. ಎಣ್ಣೆಯಿಂದ ತಪ್ಪಿಸಿಕೊಳ್ಳಲು ಎರಡು ಹೆಜ್ಜೆ ಹಿಂದೆ ಸರಿದರೆ ಸಾಕು. ಘಾಟಿನಿಂದ ಪಾರಾಗಲು ಕಿಟಕಿಯನ್ನೇ ತೆರೆಯಬೇಕು.

2020ರಲ್ಲಿ ಜನರಿಗೆ ಮೊದಲು ಹೇಳಲಾದುದು ಸಿಡಿಯುವ ಎಣ್ಣೆಯ ಮಾತು. ಆರಡಿ ದೂರ ನಿಲ್ಲಿರಿ, ಕೈ ತೊಳೆಯಿರಿ, ಮುಟ್ಟಿದ್ದನ್ನೆಲ್ಲ ಒರೆಸಿರಿ ಎಂದರು. ತರಕಾರಿಯನ್ನು ಸಾಬೂನಿನಿಂದ ತೊಳೆದವರೂ, ಹಾಲಿನ ಪೊಟ್ಟಣವನ್ನು ಬಿಸಿಲಿಗಿಟ್ಟವರೂ ಎಷ್ಟೋ ಮಂದಿ. ಘಾಟಿನ ಮಾತು ಬಲವಾದುದು ಕೆಲವು ಘಟನೆಗಳನ್ನು ಪರಿಶೀಲಿಸಿದ ಮೇಲೆ. 2020ನೆಯ ಮಾರ್ಚಿ 10ರಂದು ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಸ್ಕ್ಯಾಜಿಟ್ ಎಂಬ ಪ್ರಾಂತದಲ್ಲಿ 61 ಮಂದಿ ಒಂದು ಸಭಾಂಗಣದಲ್ಲಿ ಸೇರಿ ಸುಮಾರು ಎರಡೂವರೆ ಗಂಟೆಯ ಕಾಲ ಸಮೂಹಗಾನದ ಅಭ್ಯಾಸ ಮಾಡಿದರು. ಅವರಲ್ಲಿ ರೋಗದ ಲಕ್ಷಣವಿದ್ದವರು ಒಬ್ಬರೇ. ಕೆಲವು ದಿನಗಳಲ್ಲಿ ಆ ಗುಂಪಿನಲ್ಲಿ ರೋಗಪೀಡಿತರ ಸಂಖ್ಯೆ 53ಕ್ಕೆ ಏರಿತು, ಇಬ್ಬರು ತೀರಿಹೋದರು. ಅದಕ್ಕೂ ಮೊದಲು ಅದೇ ವರ್ಷದ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಕಿಟಕಿಯಿಲ್ಲದ ಊಟದ ಮನೆಯೊಂದರಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಕುಳಿತ ಮೂರು ಕುಟುಂಬಗಳ 10 ಜನರಿಗೆ ರೋಗ ತಗುಲಿತ್ತು. ಹೊರಗಿನ ಗಾಳಿ ಒಳಗೆ ಬರುವಂತಿರಲಿಲ್ಲ. ತಂಪುಯಂತ್ರವು ಒಳಗಿನ ಗಾಳಿಯನ್ನೇ ಆ ಮೇಜುಗಳ ನಡುವೆ ಸುತ್ತಿಸುತ್ತಿತ್ತು. ಭಜನೆ, ಮದುವೆಮನೆ, ಪಂಕ್ತಿಭೋಜನಗಳಿರುವ ನಮ್ಮ ನಾಡಿಗೆ ಈ ಎರಡು ದೃಷ್ಟಾಂತಗಳೂ ಚೆನ್ನಾಗಿ ಹೊಂದುತ್ತವೆ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಒಬ್ಬರಿಂದೊಬ್ಬರಿಗೆ ದಾಟುವ ರೋಗಗಳ ಪ್ರಸ್ತಾಪವಿದೆ. ಅಲ್ಲಿ ಮೈಸೋಕುವುದು, ಜೊತೆಯಲ್ಲಿ ಉಣ್ಣುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು, ಒಬ್ಬರ ವಸ್ತ್ರವನ್ನು ಇನ್ನೊಬ್ಬರು ಉಡುವುದು ಇವುಗಳ ಸಾಲಿನಲ್ಲಿ ನಿಃಶ್ವಾಸವನ್ನೂ ಹೆಸರಿಸಿದೆ. ಪ್ರಾಚೀನರಿಗೆ ವೈರಸ್ಸು ಗೊತ್ತಿತ್ತೆಂದು ನಾವು ಹೇಳುವುದಿಲ್ಲ, ಅದು ಸುಳ್ಳಾಗುವುದು. ಕಣ್ಣಿಟ್ಟು ನೋಡಿದವರಿಗೆ ಉಸಿರಿನ ಮೇಲೆ ಸಂಶಯ ಬಂದಿತ್ತೆಂಬುದಿಷ್ಟೇ ಇದರಿಂದ ತಿಳಿಯತಕ್ಕದ್ದು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಕೋವಿಡ್ ತಗುಲಿದವನು ತನಗೆ ಜ್ವರ ಕಾಣಿಸುವುದಕ್ಕೆ ಒಂದೆರಡು ದಿನ ಮುಂಚಿನಿಂದಲೇ ಇತರರಿಗೆ ರೋಗವನ್ನು ಹಂಚಬಲ್ಲನು. ಕೆಲವರಿಗೆ ಲಕ್ಷಣವೇ ಕಾಣದು. ಆದುದರಿಂದ ಪಿಡುಗಿನ ಕಾಲದಲ್ಲಿ “ಅವನು ಗಟ್ಟಿಮುಟ್ಟಾಗಿದ್ದಾನೆ, ಅವನಿಂದ ಏನು ಭಯ?” ಎಂಬ ಮಾತಿಗೆ ಆಧಾರವಿಲ್ಲ.

ವಾತಾಯನ

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂದು ಹೆಸರು. ವಾತವೆಂದರೆ ಗಾಳಿ, ಅಯನವೆಂದರೆ ಹಾದಿ. ಗಾಳಿಯು ನಡೆಯುವ ಹಾದಿಯೇ ವಾತಾಯನ. ಬೆಳಕಿಗಾಗಿಯೋ, ಬೀದಿಯ ನೋಟಕ್ಕಾಗಿಯೋ ಕಿಟಕಿಯಿದೆಯೆಂದು ನಾವೀಗ ಎಣಿಸಿದರೂ, ಆ ಹೆಸರನ್ನಿಟ್ಟವರು ಮೊದಲು ನೆನೆದುದು ಗಾಳಿಯನ್ನು. ಹಾದಿಯೆಂದ ಮೇಲೆ ಅದಕ್ಕೆ ಎರಡು ತುದಿಗಳಿರಬೇಕು. ಒಂದೇ ಕಿಟಕಿಯನ್ನು ತೆರೆದರೆ ಗಾಳಿ ಇಣಿಕಿ ನೋಡಿ ಹಿಂದಿರುಗುವುದು. ಎದುರಿನ ಗೋಡೆಯ ಕಿಟಕಿಯೋ ಬಾಗಿಲೋ ತೆರೆದಿದ್ದರೆ ಮಾತ್ರ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವುದು.

ನಮ್ಮ ತೊಟ್ಟಿಯ ಮನೆಗಳಲ್ಲಿ ನಡುವಿನ ತೆರಪು ಈ ಕೆಲಸವನ್ನು ಮಾಡುತ್ತಿತ್ತು. ಬಿಸಿಯಾದ ಗಾಳಿ ಮೇಲೇರಿ ಹೋಗಲು ಆಕಾಶವೇ ಅಲ್ಲಿ ಮಾಡು. ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ಸಾಧಿಸಲು ನಾವು ಹೊರಟಿಲ್ಲ. ಅದೇ ಮನೆಗಳ ಅಡಿಗೆಮನೆ ಹೊಗೆಯ ಗೂಡಾಗಿತ್ತು. ಬಾಣಂತಿಯ ಕೋಣೆ ಗಾಳಿಯೂ ಬೆಳಕೂ ಸುಳಿಯದ ಕತ್ತಲೆಯಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಾದ ಕೇರಿಗಳು ತತ್ತರಿಸಿದುವು. ಆ ರೋಗವನ್ನು ಹರಡುತ್ತಿದ್ದುದು ಇಲಿಯ ಮೈಮೇಲಿನ ಚಿಗಟವೆಂಬುದು ನಿಜ. ಆದರೂ ಆ ಪೆಟ್ಟಿನ ಫಲವಾಗಿ ಅಗಲವಾದ ಬೀದಿ, ಮನೆಮನೆಗೂ ನಡುವೆ ತೆರಪು, ಧಾರಾಳವಾದ ಗಾಳಿ ಇವುಗಳನ್ನು ಗಮನದಲ್ಲಿಟ್ಟು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದುವು. ಇಂದು ಅದೇ ನಗರದಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿ, ಧೂಳಿಗೆ ಹೆದರಿ ಹಗಲೂ, ಸೊಳ್ಳೆಗೆ ಹೆದರಿ ಸಂಜೆಯೂ ಕಿಟಕಿ ಮುಚ್ಚುವ ಮನೆಗಳನ್ನು ಎಷ್ಟು ಬೇಕಾದರೂ ಕಾಣಬಹುದು.

ಮುಚ್ಚಿದ ಕೋಣೆಯ ಮಹಿಮೆಯನ್ನು ಉಪಾಧ್ಯಾಯರಾದ ನಾವು ಚೆನ್ನಾಗಿ ಬಲ್ಲೆವು. ಮಳೆಗಾಲದಲ್ಲಿ ಇರಚಲು ಬೀಳುವುದೆಂದು ತರಗತಿಯ ಕಿಟಕಿಗಳನ್ನು ಮುಚ್ಚಿದ ವಾರದಲ್ಲಿ ಒಬ್ಬ ಹುಡುಗ ಕೆಮ್ಮುತ್ತ ಬಂದರೆ, ಮುಂದಿನ ವಾರ ಹಾಜರಿಯ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲಾಗಿ ನಿಲ್ಲುತ್ತಿದ್ದುವು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ರಾಜ್ಯದಲ್ಲಿ ವಿದ್ಯಾಗಮವೆಂಬ ಯೋಜನೆ ನಡೆಯಿತು. ಉಪಾಧ್ಯಾಯರು ಊರೂರಿಗೆ ಹೋಗಿ ದೇವಸ್ಥಾನದ ಅಂಗಳದಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ರೋಗಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ನಾಲ್ಕು ಗೋಡೆಗಳ ಒಳಗಿಗಿಂತ ಮರದ ಕೆಳಗೆ ಅಪಾಯ ಕಡಮೆಯೆಂಬ ಮೂಲಭಾವನೆಯಲ್ಲಿ ದೋಷವಿರಲಿಲ್ಲ.

ಹೀಗಿರುವುದರಿಂದ ಮಾಡತಕ್ಕದ್ದು ಇಷ್ಟು. ಎದುರುಬದುರಾದ ಕಿಟಕಿಗಳನ್ನು ತೆರೆಯಿರಿ. ಸೊಳ್ಳೆಯ ಕಾಟವಿದ್ದರೆ ಜಾಲರಿಯನ್ನು ಹಾಕಿಸಿರಿ. ಮೇಲಿನ ಬೀಸಣಿಗೆಯು ಗಾಳಿಯನ್ನು ಕಲಕುವುದೇ ಹೊರತು ಬದಲಾಯಿಸಲಾರದು. ಮನೆಯಲ್ಲಿ ಬಳಸುವ ತಂಪುಯಂತ್ರಗಳಲ್ಲಿ ಹೆಚ್ಚಿನವು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುವಂತಹವು. ಅಡಿಗೆಮನೆ ಬಚ್ಚಲುಮನೆಗಳಲ್ಲಿ ಗಾಳಿಯನ್ನು ಹೊರಗೆ ದೂಡುವ ಬೀಸಣಿಗೆಯಿದ್ದರೆ ಅದು ನಡೆಯುತ್ತಿರಲಿ. ನೆಂಟರು ಬಂದರೆ ನಡುಮನೆಗಿಂತ ಜಗಲಿಯಲ್ಲಿ ಕೂಡಿಸಿರಿ. ಉಪಚಾರದಲ್ಲಿ ಲೋಪವೇನೂ ಆಗದು.

ರೋಗಿಯ ಕೋಣೆ

ಇಷ್ಟಾದರೂ ಮನೆಯಲ್ಲಿ ಒಬ್ಬರು ಮಲಗುವುದುಂಟು. ನಿಜವಾದ ಪರೀಕ್ಷೆ ಆಗ ಆರಂಭವಾಗುವುದು. ಅಜ್ಜ ಅಜ್ಜಿ, ಮಗ ಸೊಸೆ, ಮೊಮ್ಮಕ್ಕಳು ಒಂದೇ ಸೂರಿನಡಿಯಲ್ಲಿರುವ ನಮ್ಮ ಮನೆಗಳಲ್ಲಿ ಹರೆಯದವನಿಗೆ ಎರಡು ದಿನದ ಜ್ವರವಾಗಿ ಹೋಗುವ ರೋಗವು ಎಪ್ಪತ್ತೈದು ವರ್ಷದ ಅಜ್ಜಿಗೆ ಮರಣವಾಗಬಹುದು. ಮಧುಮೇಹ, ಹೃದ್ರೋಗ, ಮೂತ್ರಪಿಂಡದ ರೋಗಗಳುಳ್ಳವರಿಗೂ ಅಪಾಯ ಹೆಚ್ಚು. ಆದುದರಿಂದ ಪರೀಕ್ಷೆಯ ಫಲಕ್ಕಾಗಿ ಕಾಯದೆ, ಗಂಟಲು ಕೆರೆತ ತೋರಿದೊಡನೆಯೇ ರೋಗಿಗೆ ಪ್ರತ್ಯೇಕ ಸ್ಥಳವನ್ನು ಕೊಡತಕ್ಕದ್ದು.

ಹೊರಕ್ಕೆ ಕಿಟಕಿಯುಳ್ಳ ಕೋಣೆಯನ್ನು ಆರಿಸಿರಿ. ಕಿಟಕಿ ತೆರೆದಿರಲಿ, ಮನೆಯ ಒಳಕ್ಕಿರುವ ಬಾಗಿಲು ಮುಚ್ಚಿರಲಿ. ಮೇಜಿನ ಬೀಸಣಿಗೆಯೊಂದನ್ನು ಕಿಟಕಿಯ ಬಳಿ ಹೊರಮುಖವಾಗಿಟ್ಟರೆ ಅದು ಕೋಣೆಯ ಗಾಳಿಯನ್ನು ಆಚೆಗೆ ದೂಡುವುದು. ರೋಗಿ ಒಳಸೇರುವ ಮೊದಲೇ ಬಾಗಿಲ ಸಂದಿಯಲ್ಲಿ ಒಂದು ಊದುಕಡ್ಡಿ ಹಚ್ಚಿ ಹಿಡಿದು ನೋಡಬಹುದು. ಹೊಗೆಯು ಕೋಣೆಯೊಳಕ್ಕೆ ಸಾಗಿದರೆ ವ್ಯವಸ್ಥೆ ಸರಿಯಾಗಿದೆ. ನಡುಮನೆಯ ಕಡೆಗೆ ಬಂದರೆ ಬೀಸಣಿಗೆಯ ದಿಕ್ಕನ್ನೋ ಕಿಟಕಿಯನ್ನೋ ಬದಲಿಸಬೇಕು. ಒಂದೇ ಕೋಣೆಯ ಮನೆಯಾದರೆ ರೋಗಿಯ ಹಾಸಿಗೆಯನ್ನು ಗಾಳಿ ಹೊರಹೋಗುವ ಕಿಟಕಿಯ ಪಕ್ಕದಲ್ಲಿಯೂ, ವೃದ್ಧರ ಹಾಸಿಗೆಯನ್ನು ಗಾಳಿ ಒಳಬರುವ ಕಡೆಯಲ್ಲಿಯೂ ಹಾಸುವುದು ಉತ್ತಮ. ಸಾಧ್ಯವಿದ್ದರೆ ವೃದ್ಧರನ್ನು ಹಗಲೆಲ್ಲ ಜಗಲಿಯಲ್ಲಿಯೇ ಇರಿಸಬಹುದು.

ಆರೈಕೆಗೆ ಒಬ್ಬರೇ ನಿಲ್ಲಲಿ. ಅವರು ಆರೋಗ್ಯವಂತರೂ ಲಸಿಕೆ ಹಾಕಿಸಿಕೊಂಡವರೂ ಆಗಿರಲಿ. ಅವರು ಒಳಹೋಗುವಾಗ ಇಬ್ಬರೂ ಮುಖವಸ್ತ್ರ ಧರಿಸಬೇಕು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಸರಿದರೆ ಸಾಕು. ಆ ತಟ್ಟೆಯನ್ನು ಎಸೆಯಬೇಕಿಲ್ಲ, ಸಾಬೂನಿನಿಂದ ತೊಳೆದರೆ ಆಯಿತು. ಬಟ್ಟೆಯನ್ನು ಸುಡಬೇಕಿಲ್ಲ, ಒಗೆದು ಒಣಗಿಸಿದರೆ ಆಯಿತು. ಬಚ್ಚಲು ಒಂದೇ ಆಗಿದ್ದರೆ ರೋಗಿ ಕೊನೆಯಲ್ಲಿ ಬಳಸಲಿ. ಬಳಿಕ ಕಿಟಕಿ ತೆರೆದಿಟ್ಟು, ಗಾಳಿ ಬದಲಾದ ಮೇಲೆ ಇತರರು ಹೋಗಲಿ.

ಮುಖವಸ್ತ್ರ, ಸಾಬೂನು, ಲಸಿಕೆ

1910ರಿಂದ 1911ರ ವರೆಗಿನ ಚಳಿಗಾಲದಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿತು. ಅದರ ನಿಗ್ರಹಕ್ಕೆ ಹೋದ ಡಾಕ್ಟರ್ ವು ಲಿಯೆನ್ ತೆಹ್ ಎಂಬ ಪಿನಾಂಗಿನಲ್ಲಿ ಹುಟ್ಟಿದ ವೈದ್ಯರು, ರೋಗವು ಉಸಿರಿನಿಂದ ದಾಟುವುದೆಂದು ಕಂಡು, ಹತ್ತಿಯನ್ನು ತೆಳುಬಟ್ಟೆಯ ನಡುವೆ ಮಡಿಸಿ ಮುಖಕ್ಕೆ ಕಟ್ಟಿಕೊಳ್ಳುವ ಏರ್ಪಾಡನ್ನು ಮಾಡಿದರು. ಅದನ್ನು ನಂಬದ ಮೆನೀ ಎಂಬ ಫ್ರೆಂಚ್ ವೈದ್ಯರು ಬರಿಯ ಮುಖದಿಂದ ರೋಗಿಗಳನ್ನು ಪರೀಕ್ಷಿಸಿ ಕೆಲವೇ ದಿನಗಳಲ್ಲಿ ಅದೇ ರೋಗದಿಂದ ಮಡಿದರು. ಈಗಿನ ಎನ್ 95 ಎಂಬ ಮುಖವಸ್ತ್ರವು ಅತಿ ಸೂಕ್ಷ್ಮವಾದ ಕಣಗಳಲ್ಲಿ ನೂರಕ್ಕೆ 95 ಪಾಲನ್ನಾದರೂ ತಡೆಯುವಂತೆ ಮಾಡಿದುದು. ಅದರ ನೂಲುಗಳಲ್ಲಿರುವ ವಿದ್ಯುದಂಶವು ಕಣಗಳನ್ನು ಸೆಳೆದು ಹಿಡಿಯುತ್ತದೆ. ಒಗೆದರೆ ಆ ಗುಣ ಹೋಗುವುದು. ಮುಖಕ್ಕೂ ಬಟ್ಟೆಗೂ ನಡುವೆ ಸಂದಿಯಿದ್ದರೆ ಎಷ್ಟು ಬೆಲೆಯದಾದರೂ ಪ್ರಯೋಜನ ಕಡಮೆ. ಗಲ್ಲಕ್ಕೆ ಇಳಿಸಿಕೊಂಡದ್ದು, ಮೂಗನ್ನು ಹೊರಗೆ ಬಿಟ್ಟದ್ದು ಮುಖವಸ್ತ್ರವೆನಿಸದು.

ಕೋವಿಡ್ ವೈರಸ್ಸಿನ ಮೇಲ್ಪದರವು ಜಿಡ್ಡಿನದು. ಎಣ್ಣೆಯ ಪಾತ್ರೆಗೆ ಸಾಬೂನು ಮಾಡುವ ಕೆಲಸವನ್ನೇ ಈ ಜಿಡ್ಡಿಗೂ ಮಾಡುತ್ತದೆ. ಇಪ್ಪತ್ತು ಎಣಿಸುವಷ್ಟು ಹೊತ್ತು ಕೈಯುಜ್ಜಿ ತೊಳೆದರೆ ಸಾಕು.

ಭಾರತದಲ್ಲಿ ಕೋವಿಡ್ ಲಸಿಕೆ ಆರಂಭವಾದುದು 2021ನೆಯ ಜನವರಿ 16ರಂದು. ಅದೇ ವರ್ಷದ ಅಕ್ಟೋಬರ್ 21ಕ್ಕೆ ನೂರು ಕೋಟಿ ಸೂಜಿಗಳು ಪೂರ್ತಿಯಾದುವು. ಲಸಿಕೆ ಹಾಕಿಸಿಕೊಂಡವರಿಗೂ ರೋಗ ತಗುಲಬಹುದು. ಆದರೆ ಅದು ಉಲ್ಬಣಿಸಿ ಪ್ರಾಣಕ್ಕೆ ಬರುವ ಸಂಭವ ಬಹಳ ಕಡಮೆಯಾಗುತ್ತದೆ. ಕೊಡೆ ಹಿಡಿದರೂ ಕಾಲು ನೆನೆಯುವುದೆಂದು ಯಾರೂ ಕೊಡೆಯನ್ನು ಎಸೆಯುವುದಿಲ್ಲವಷ್ಟೆ.

ಔಷಧದ ಮಾತು

ಭಯವು ಹೆಚ್ಚಿದಂತೆ ಔಷಧಗಳೂ ಹೆಚ್ಚುತ್ತವೆ. 2020ರಲ್ಲಿ ಇರಾನ್ ದೇಶದಲ್ಲಿ ಮದ್ಯವು ರೋಗವನ್ನು ಕೊಲ್ಲುವುದೆಂಬ ವದಂತಿಯನ್ನು ನಂಬಿ ವಿಷಮಿಶ್ರಿತ ಸಾರಾಯಿ ಕುಡಿದು ನೂರಾರು ಜನರು ಸತ್ತರು. ನಮ್ಮಲ್ಲಿ 2021ರಲ್ಲಿ ಸ್ಟಿರಾಯ್ಡ್ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಿದವರುಂಟು. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, ಆಮ್ಲಜನಕದ ಅಗತ್ಯವಿರುವ ರೋಗಿಗಳ ಪ್ರಾಣವನ್ನು ಉಳಿಸುವುದೆಂದು 2020ನೆಯ ಜೂನಿನಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧಪಟ್ಟಿತು. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭವಿಲ್ಲವೆಂದೂ ಅಲ್ಲಿಯೇ ಗೊತ್ತಾಯಿತು. ಅನವಶ್ಯಕವಾಗಿ ಕೊಟ್ಟ ಸ್ಟಿರಾಯ್ಡ್‌ಗಳೂ ಹತೋಟಿಯಿಲ್ಲದ ಮಧುಮೇಹವೂ ಕೂಡಿ ಕಪ್ಪು ಶಿಲೀಂಧ್ರವೆಂಬ ಘೋರ ರೋಗಕ್ಕೆ ಎಡೆಮಾಡಿದುವು. ವೈರಸ್ಸಿಗೆ ಆಂಟಿಬಯಾಟಿಕ್ ತಟ್ಟುವುದಿಲ್ಲ. ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತ, ಅದು ಕವಚವಲ್ಲ. ಹಬೆಯಿಂದ ಕಟ್ಟಿದ ಮೂಗು ಬಿಡಬಹುದು. ವೈರಸ್ಸು ಸಾಯದು, ಮಕ್ಕಳಿರುವ ಮನೆಯಲ್ಲಿ ಕುದಿಯುವ ನೀರಿನ ಪಾತ್ರೆ ಉರುಳುವ ಅಪಾಯವೂ ಉಂಟು.

ಗಂಜಿ, ಎಳನೀರು, ವಿಶ್ರಾಂತಿ, ಜ್ವರಕ್ಕೆ ವೈದ್ಯರು ಹೇಳಿದ ಪ್ಯಾರಾಸಿಟಮಾಲ್, ಇಷ್ಟರಿಂದಲೇ ಹೆಚ್ಚು ಮಂದಿ ಗುಣಹೊಂದುವರು. ಕಾವಲಿರಬೇಕಾದುದು ಉಸಿರಾಟದ ಮೇಲೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಯಂತ್ರದಲ್ಲಿ ಆರೋಗ್ಯವಂತರ ಅಂಕ ಸಾಮಾನ್ಯವಾಗಿ 95ರಿಂದ 100. ಅದು 94ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ತಡಮಾಡದೆ ತಿಳಿಸಬೇಕು. ಬೆರಳು ತಣ್ಣಗಿದ್ದರೂ, ಉಗುರಿಗೆ ಬಣ್ಣ ಹಚ್ಚಿದ್ದರೂ ಅಂಕ ತಪ್ಪಬಹುದು. ಕೋವಿಡ್‌ನಲ್ಲಿ ಕೆಲವರಿಗೆ ಏದುಸಿರು ತೋರದೆಯೇ ರಕ್ತದ ಆಮ್ಲಜನಕ ಕುಗ್ಗುತ್ತಿತ್ತು. ಆದುದರಿಂದ ರೋಗಿಯ “ನನಗೇನೂ ಇಲ್ಲ” ಎಂಬ ಮಾತನ್ನೊಂದೇ ನೆಚ್ಚಬಾರದು. ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಮಾತು ತಡವರಿಸಿ ಮಂಕು ಕವಿಯುವುದು ಇವು ಕಂಡರೆ ಯಂತ್ರದ ಅಂಕ ಏನೇ ಇರಲಿ, ರೋಗಿಯನ್ನು ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ವೃದ್ಧರಲ್ಲಿ ಜ್ವರವೇ ಬಾರದೆ ಬರಿಯ ನಿಶ್ಶಕ್ತಿ, ಮಂಕು ಮಾತ್ರ ತೋರುವುದೂ ಉಂಟು.

ದೂರವೂ ಆದರವೂ

ನಾವು ಕಂಡ ಮಟ್ಟಿಗೆ, ಆ ಎರಡು ವರ್ಷಗಳಲ್ಲಿ ಜನರನ್ನು ರೋಗದಷ್ಟೇ ನೋಯಿಸಿದುದು ನೆರೆಯವರ ನಡತೆ. ರೋಗಿಯಿದ್ದ ಮನೆಗೆ ಹಾಲು ಹಾಕುವುದನ್ನು ನಿಲ್ಲಿಸಿದರು. ಗುಣವಾಗಿ ಬಂದವನನ್ನು ಕಂಡರೂ ಕದ ಮುಚ್ಚಿದರು. ರೋಗಿಗಳ ಶುಶ್ರೂಷೆ ಮಾಡಿ ಬಂದ ದಾದಿಯರಿಗೆ ಬಾಡಿಗೆಯ ಮನೆ ಬಿಡಿರೆಂದರು. ಇದರ ಫಲವೇನಾಯಿತೆಂದರೆ, ಜನರು ರೋಗವನ್ನು ಬಚ್ಚಿಟ್ಟರು. ಬಚ್ಚಿಟ್ಟ ರೋಗವು ಹೆಚ್ಚು ಮನೆಗಳನ್ನು ಹೊಕ್ಕಿತು. ರೋಗ ಬರುವುದು ಪಾಪದ ಫಲವೂ ಅಲ್ಲ, ಕುಲದ ಕುಂದೂ ಅಲ್ಲ. ಮನುಷ್ಯರನ್ನು ಹುಟ್ಟಿನಿಂದಲೇ ದೂರವಿಟ್ಟ ಕಳಂಕವು ನಮ್ಮ ಸಮಾಜಕ್ಕೆ ಮೊದಲೇ ಉಂಟು. ಇನ್ನೊಂದನ್ನು ಅದಕ್ಕೆ ಕೂಡಿಸುವುದು ಬೇಡ.

ಈ ರೋಗದಲ್ಲಿ ಬೇಕಾದ ದೂರವು ಕೆಲವು ದಿನಗಳದು. ಅದಕ್ಕೆ ಕಾರಣವನ್ನು ರೋಗಿಗೂ ಮಕ್ಕಳಿಗೂ ಬಿಡಿಸಿ ಹೇಳಬೇಕು. ಮುಚ್ಚಿದ ಬಾಗಿಲಿನ ಈಚೆಯಿಂದ ದಿನಕ್ಕೆ ನಾಲ್ಕು ಸಲ ಕೂಗಿ ಮಾತನಾಡಿಸಬಹುದು. ದೂರವಾಣಿಯಲ್ಲಿ ಮೊಮ್ಮಗುವಿನ ಮುಖವನ್ನು ತೋರಿಸಬಹುದು. ಅವರಿಗೆ ಪ್ರಿಯವಾದ ಸಾರನ್ನು ಬಿಸಿಯಾಗಿ ಬಡಿಸಿ ಬಾಗಿಲಲ್ಲಿಡಬಹುದು. ನೆರೆಮನೆಯವರು ಮಲಗಿದ್ದರೆ ಹಾಲು, ತರಕಾರಿ, ಔಷಧಗಳನ್ನು ಅವರ ಗೇಟಿನ ಬಳಿ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು, ಹೆಸರು ಹಿಡಿದು ಕರೆಯಬಹುದು. ಬಯಲಿನಲ್ಲಿ ಹತ್ತು ಹೆಜ್ಜೆ ಆಚೆ ನಿಂತು ಎರಡು ಮಾತನಾಡಿದರೆ ರೋಗ ಅಂಟುವುದೆಂಬ ಭಯ ಬೇಡ. ಒಬ್ಬರೂ ಮಾತನಾಡಿಸಲಿಲ್ಲವೆಂಬ ನೋವು ಮಾತ್ರ ಬಹುಕಾಲ ಉಳಿಯುವುದು.

ವಾಚಕರು ಇಷ್ಟನ್ನು ಓದಿದ ಮೇಲೆ ಎದ್ದು ತಮ್ಮ ಮನೆಯನ್ನು ಒಮ್ಮೆ ಸುತ್ತಿ ಬರಲಿ. ಯಾವ ಕಿಟಕಿಯ ಅಗುಳಿ ತುಕ್ಕು ಹಿಡಿದಿದೆ, ಯಾವುದರ ಮುಂದೆ ಬೀರು ಅಡ್ಡ ನಿಂತಿದೆ, ಒಬ್ಬರು ಮಲಗಿದರೆ ಯಾವ ಕೋಣೆಯನ್ನು ಬಿಟ್ಟುಕೊಡಬಹುದು, ಆಗ ಅಜ್ಜಿಯ ಹಾಸಿಗೆ ಎಲ್ಲಿಗೆ ಹೋಗಬೇಕು, ಆರೈಕೆಗೆ ನಿಲ್ಲುವವರು ಯಾರು ಎಂಬುದನ್ನು ಮನೆಯವರೆಲ್ಲ ಕುಳಿತು ನಿಶ್ಚಯಿಸಲಿ. ಜ್ವರ ನೋಡುವ ಕಡ್ಡಿ, ಆಕ್ಸಿಮೀಟರ್, ಹತ್ತಾರು ಮುಖವಸ್ತ್ರ, ಹತ್ತಿರದ ವೈದ್ಯರ ದೂರವಾಣಿಯ ಸಂಖ್ಯೆ ಇವುಗಳನ್ನು ಒಂದು ಡಬ್ಬದಲ್ಲಿಟ್ಟು ಎಲ್ಲರಿಗೂ ತಿಳಿದ ಜಾಗದಲ್ಲಿರಿಸಲಿ. ಅಗುಳಿಗೆ ಎರಡು ತೊಟ್ಟು ಎಣ್ಣೆ ಬಿಡುವ ಕೆಲಸವನ್ನು ಇಂದೇ ಮಾಡಬಹುದು.